ನಿದ್ದೆಗಳ್ಳರ ಗುಳಿಗೆ

ಮಾದಕ ವಸ್ತುಗಳ ವಿರುದ್ಧ ಉಪದೇಶ ಮಾಡುವ ಮಹನೀಯರಿಗೆ ನಮ್ಮ ದೇಶದಲ್ಲಿ ಬರವಿಲ್ಲ. ಒಂದು ವೇದಿಕೆ ಸಿಕ್ಕಿ ಕೊರಳಿಗೊಂದು ಹಾರ ಬಿದ್ದರೆ ಸಾಕು, ಯುವಕರು ದಾರಿತಪ್ಪಿದ್ದಾರೆ, ಸೋಮಾರಿತನ ಹೆಚ್ಚಿದೆ, ಮೈಬಗ್ಗಿಸಿ ದುಡಿಯಲಾರದವರು ಮತ್ತಿಗೆ ಬೀಳುತ್ತಾರೆ ಎಂದು ಶುರುಮಾಡುತ್ತಾರೆ. ಕೇಳಿ ಕೇಳಿ ನಮ್ಮ ಕಿವಿ ತೂತುಬಿದ್ದಿದೆ. ಈ ಮಹನೀಯರನ್ನು ನಾವು ಒಂದೇ ಒಂದು ಪ್ರಶ್ನೆ ಕೇಳಬಯಸುತ್ತೇವೆ. ದುಡಿಯಲು ಮನಸ್ಸಿಲ್ಲದವನು ನಿದ್ದೆ ಬರಿಸುವ ಮದ್ದನ್ನು ನುಂಗಿಯಾನು. ನಿದ್ದೆ ಓಡಿಸುವ ಮದ್ದನ್ನು ಅವನೇಕೆ ನುಂಗಬೇಕು?

ಅಂಥ ಮದ್ದೊಂದಿದೆ. ಅದರ ಹೆಸರು ಆಂಫೆಟಮೀನ್. ಅದಕ್ಕಿಂತ ಬಲವಾದ ಅದರ ಒಡಹುಟ್ಟು ಮೆಥಾಂಫೆಟಮೀನ್. ಇವೆರಡರ ಚರಿತ್ರೆಯನ್ನು ಬಲ್ಲವರು ಮಾದಕ ವಸ್ತುವೆಂದರೆ ಸೋಮಾರಿಗಳ ಚಟವೆಂದು ಹೇಳಲಾರರು. ಇದು ಕಳ್ಳಕಾಕರ ಗುಡಿಸಲಿನಲ್ಲಿ ಹುಟ್ಟಿ ಮೇಲೇರಿದ ವಸ್ತುವಲ್ಲ. ಕಂಪೆನಿಯ ಪ್ರಯೋಗಶಾಲೆಯಲ್ಲಿ ಬೆಳೆದು, ವೈದ್ಯರ ರುಜು, ಸರಕಾರದ ಮೊಹರು, ಸೇನಾಪತಿಯ ಆಜ್ಞೆ ಎಲ್ಲವನ್ನೂ ಪಡೆದು ಮೇಲಿನಿಂದ ಕೆಳಗೆ ಇಳಿದು ಬಂದದ್ದು. ಇಳಿದದ್ದು ಸಿಪಾಯಿಯ ಜೇಬಿಗೆ, ಕಾರ್ಮಿಕನ ನಾಲಗೆಗೆ.

ಲಜಾರ್ ಎಡೆಲೆಯಾನು ಎಂಬ ರುಮೇನಿಯದ ರಸಾಯನಶಾಸ್ತ್ರಜ್ಞ ಬರ್ಲಿನ್ನಿನಲ್ಲಿ ಆಂಫೆಟಮೀನನ್ನು ಮೊದಲು ತಯಾರಿಸಿದ್ದು 1887ರಲ್ಲಿ. ಅದೇ 1887ರ ನವೆಂಬರಿನಲ್ಲಿ ಅಮೆರಿಕದ ಶಿಕಾಗೋದಲ್ಲಿ, ದಿನಕ್ಕೆ ಎಂಟೇ ಗಂಟೆಯ ಕೆಲಸ ಬೇಕೆಂಬ ಚಳವಳಿಯ ನಾಲ್ವರು ಮುಂದಾಳುಗಳನ್ನು ನೇಣಿಗೇರಿಸಿದರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಹಾಗೆಂದು ನಾವು ಹೇಳುತ್ತಲೂ ಇಲ್ಲ. ಪಾಪ, ಎಡೆಲೆಯಾನುವಿಗೆ ತಾನು ಮಾಡಿದ್ದು ನಿದ್ದೆಗೆಡಿಸುವ ಮದ್ದೆಂದೇ ಗೊತ್ತಿರಲಿಲ್ಲ. ಆದರೆ ಮುಂದಿನ ನೂರು ವರ್ಷಗಳಲ್ಲಿ ಈ ಎರಡು ಸಂಗತಿಗಳು ಎಷ್ಟು ಸಲ ಮುಖಾಮುಖಿಯಾದುವೆಂಬುದನ್ನು ಓದುಗರು ತಾವೇ ನೋಡಲಿ.

ನಲವತ್ತು ವರ್ಷ ಆ ಪುಡಿ ಶೀಸೆಯಲ್ಲಿ ಕೂತಿತು. 1929ರಲ್ಲಿ ಗೋರ್ಡನ್ ಆಲೆಸ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ಅದನ್ನು ತನ್ನ ಮೈಮೇಲೆಯೇ ಪ್ರಯೋಗಿಸಿ ನೋಡಿದ. ಸ್ಮಿತ್, ಕ್ಲೈನ್ ಅಂಡ್ ಫ್ರೆಂಚ್ ಎಂಬ ಔಷಧ ಕಂಪೆನಿ ಬೆಂಜೆಡ್ರಿನ್ ಎಂಬ ಹೆಸರಿನಲ್ಲಿ ಮೊದಲು ಅದನ್ನು ನೆಗಡಿಗೆ ಮೂಸುವ ನಳಿಗೆಯಾಗಿ ಮಾರಿತು. 1937ರ ಹೊತ್ತಿಗೆ ಗುಳಿಗೆಯಾಗಿಯೂ ಮಾರತೊಡಗಿತು. ಅತ್ತ ಜಪಾನಿನಲ್ಲಿ ನಾಗಾಯಿ ನಾಗಾಯೋಶಿ 1893ರಲ್ಲೇ ಮೆಥಾಂಫೆಟಮೀನನ್ನು ತಯಾರಿಸಿದ್ದ. 1938ರಲ್ಲಿ ಜರ್ಮನಿಯ ಟೆಮ್ಲರ್ ಕಂಪೆನಿ ಅದನ್ನು ಪರ್ವಿಟಿನ್ ಎಂಬ ಹೆಸರಿನಲ್ಲಿ ಅಂಗಡಿಗೆ ತಂದಿತು. ವೈದ್ಯರ ಚೀಟಿಯೂ ಬೇಕಿರಲಿಲ್ಲ. ಆಯಾಸಕ್ಕೆ, ಬೇಸರಕ್ಕೆ, ಮಂಕು ಕವಿದ ಮನಸ್ಸಿಗೆ ಎಲ್ಲಕ್ಕೂ ಅದೇ. ಮನೆಗೆಲಸ ಬೇಗ ಮುಗಿಯಲೆಂದು ಗೃಹಿಣಿಯರಿಗೆ ಮೆಥಾಂಫೆಟಮೀನ್ ಬೆರೆಸಿದ ಚಾಕಲೇಟನ್ನೂ ಮಾರಿದರು.

ಈ ಗುಳಿಗೆ ಮೈಯೊಳಗೆ ಮಾಡುವುದೇನು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಇಡೀ ಮೋಸ ಇಲ್ಲೇ ಇದೆ. ಅದು ಅನ್ನದ ಹಾಗೆ ಶಕ್ತಿ ಕೊಡುವುದಿಲ್ಲ. ಆಪತ್ತಿನ ವೇಳೆಗೆಂದು ನರಗಳು ಕೂಡಿಟ್ಟುಕೊಂಡ ಡೋಪಮೀನ್, ನಾರ್‌ಅಡ್ರಿನಲಿನ್ ಎಂಬ ರಸಗಳನ್ನು ಒಮ್ಮೆಲೇ ಹೊರಚೆಲ್ಲಿಸುತ್ತದೆ. ಎಣ್ಣೆ ತೀರುತ್ತ ಬಂದ ದೀಪದ ಬತ್ತಿಯನ್ನು ಮೇಲೆತ್ತಿದರೆ ಬೆಳಕು ಜಗ್ಗನೆ ಏರುತ್ತದಲ್ಲ, ಹಾಗೆ. ಎಣ್ಣೆ ಒಂದು ಹನಿಯೂ ಹೆಚ್ಚಾಗುವುದಿಲ್ಲ. ಹಸಿವು ಅಡಗುತ್ತದೆ, ಆಯಾಸ ಮರೆಯುತ್ತದೆ, ಎದೆ ಡವಗುಟ್ಟುತ್ತದೆ, ತನ್ನಷ್ಟು ಸಮರ್ಥ ಇನ್ನಿಲ್ಲವೆಂಬ ಭ್ರಮೆ ಹತ್ತುತ್ತದೆ. ನಮ್ಮ ಅಂಗಡಿಕಾರ ಬಂಧುಗಳು ದಿನಬಡ್ಡಿಯ ಸಾಲವನ್ನು ಬಲ್ಲರು. ಸಂತೆಯ ದಿನ ಬೆಳಿಗ್ಗೆ ಕೈಗೆ ಬಂದ ನೋಟು ತನ್ನದೇ ಎನಿಸುತ್ತದೆ. ಸಂಜೆ ವಸೂಲಿಗಾರ ಬಾಗಿಲಿಗೆ ಬಂದಾಗ ಲೆಕ್ಕ ತಿಳಿಯುತ್ತದೆ. ಈ ಗುಳಿಗೆಯ ಸಾಲವೂ ಹಾಗೆಯೇ. ಇಂದು ರಾತ್ರಿ ಕದ್ದ ನಿದ್ದೆಯನ್ನು ನಾಳೆ ದೇಹ ಬಡ್ಡಿಸಹಿತ ಕೇಳುತ್ತದೆ. ಕೊಡದೆ ಇನ್ನೊಂದು ಗುಳಿಗೆ ನುಂಗಿದರೆ ಚಕ್ರಬಡ್ಡಿ. ದಿನಗಟ್ಟಲೆ ನುಂಗಿದವನಿಗೆ ಇಲ್ಲದ ಶತ್ರುಗಳು ಕಾಣುತ್ತಾರೆ, ಗೋಡೆಯ ಹಿಂದೆ ಪಿಸುಮಾತು ಕೇಳುತ್ತದೆ. ಫಿಲಿಪ್ ಕಾನೆಲ್ ಎಂಬ ಇಂಗ್ಲಿಷ್ ವೈದ್ಯ 1958ರಲ್ಲಿ ಈ ಹುಚ್ಚಿನ ಮೇಲೆಯೇ ಒಂದು ಗ್ರಂಥ ಪ್ರಕಟಿಸಿದ.

ಇಂಥ ಸಾಲವನ್ನು ಬೇರೆಯವರ ದೇಹದ ಮೇಲೆ ಎತ್ತುವುದಾದರೆ ಧಣಿಗಳಿಗೇನು ನಷ್ಟ? ಹಣ ಬಂದದ್ದು ಅವರಿಗೆ, ಬಡ್ಡಿ ಕಟ್ಟುವವನು ಇನ್ನೊಬ್ಬ.

ಮೊದಲು ಇದನ್ನು ಕಂಡುಕೊಂಡವರು ಸೇನಾಧಿಕಾರಿಗಳು. ಬರ್ಲಿನ್ನಿನ ಸೈನಿಕ ವೈದ್ಯ ಅಕಾಡೆಮಿಯ ಓಟೋ ರಾಂಕೆ ಎಂಬಾತ 1939ರಲ್ಲಿ ತೊಂಬತ್ತು ವಿದ್ಯಾರ್ಥಿಗಳ ಮೇಲೆ ಪರ್ವಿಟಿನ್ ಪ್ರಯೋಗ ನಡೆಸಿದ. ಅದೇ ವರ್ಷ ಪೋಲೆಂಡಿನ ಮೇಲೆ ಹಿಟ್ಲರನ ಸೈನ್ಯ ಬಿದ್ದಾಗ ಲಾರಿ, ಟ್ಯಾಂಕು ಓಡಿಸುವವರ ಮೇಲೆ ಅದರ ಪರೀಕ್ಷೆಯಾಯಿತು. 1940ರಲ್ಲಿ ಫ್ರಾನ್ಸಿನ ಮೇಲೆ ದಂಡೆತ್ತಿ ಹೋಗುವ ಹೊತ್ತಿಗೆ, ಏಪ್ರಿಲಿನಿಂದ ಜುಲೈವರೆಗಿನ ನಾಲ್ಕೇ ತಿಂಗಳಲ್ಲಿ ಜರ್ಮನಿಯ ಭೂಸೇನೆಗೂ ವಾಯುಸೇನೆಗೂ ಮೂರೂವರೆ ಕೋಟಿಗೂ ಹೆಚ್ಚು ಗುಳಿಗೆಗಳು ಸರಬರಾಜಾದುವು. ಗುಂಡು ಮದ್ದಿನ ಜೊತೆಗೆ ಈ ಮದ್ದೂ ಸರಕುಪಟ್ಟಿಯಲ್ಲಿ!

ಆ ಸೈನ್ಯದಲ್ಲಿ ಹೈನ್ರಿಶ್ ಬ್ಯೋಲ್ ಎಂಬ ಇಪ್ಪತ್ತೆರಡು ತುಂಬದ ತರುಣನೊಬ್ಬನಿದ್ದ. 1939ರ ನವೆಂಬರಿನಲ್ಲಿ ಪೋಲೆಂಡಿನಿಂದ ಮನೆಗೆ ಬರೆದ ಕಾಗದದಲ್ಲಿ ಅವನು ಬೇಡಿದ್ದು ತಿಂಡಿಯನ್ನಲ್ಲ, ಪರ್ವಿಟಿನನ್ನು. ಆಮೇಲೆಯೂ ಬರೆದ, ಮತ್ತೆ ಕಳಿಸಿರೆಂದು. ಹೆತ್ತವರು ಮಗನಿಗೆ ಕಳಿಸುವ ಪೊಟ್ಟಣದಲ್ಲಿ ಏನಿರಬೇಕು, ಏನಿತ್ತು! ಆ ತರುಣ ಬದುಕಿ ಬಂದು ದೊಡ್ಡ ಲೇಖಕನಾದ, 1972ರಲ್ಲಿ ನೊಬೆಲ್ ಬಹುಮಾನ ಪಡೆದ. ಹೀಗಾಗಿ ಅವನ ಕಾಗದಗಳು ಉಳಿದುವು. ಅವನ ಪಕ್ಕದಲ್ಲಿ ನಿಂತು ಅದೇ ಗುಳಿಗೆ ನುಂಗಿದ ಲಕ್ಷಾಂತರ ಸಿಪಾಯಿಗಳ ಕಾಗದಗಳನ್ನು ಯಾರು ಜೋಪಾನ ಮಾಡಿದರು?

ನಾಜಿಗಳು ಬುದ್ಧಿಗೇಡಿಗಳು, ಅವರು ಮಾಡಿದ್ದನ್ನು ಯಾಕೆ ಹೇಳುತ್ತೀರಿ ಎಂದು ಯಾರಾದರೂ ಕೇಳಬಹುದು. ಸ್ವಲ್ಪ ತಾಳಿ. ಹಿಟ್ಲರನ ಸರಕಾರದಲ್ಲೇ ಆರೋಗ್ಯದ ಮುಖ್ಯಸ್ಥನಾಗಿದ್ದ ಲೆಯೊನಾರ್ಡೊ ಕೊಂಟಿ ಈ ಗುಳಿಗೆಯ ಅಪಾಯ ಕಂಡು ಮೊದಲು ವೈದ್ಯರ ಚೀಟಿ ಕಡ್ಡಾಯ ಮಾಡಿಸಿದ, 1941ರಲ್ಲಿ ಅಫೀಮಿನ ಕಾನೂನಿನ ಕೆಳಗೆ ತಂದ. ಜನಾಂಗಶುದ್ಧಿಯ ಹೆಸರಿನಲ್ಲಿ ಕೊಲೆಗಡುಕನಾಗಿದ್ದ ಮನುಷ್ಯ ಅವನು. ಅವನ ಮೇಲೆ ನಮಗೆ ಕಿಂಚಿತ್ತೂ ಗೌರವವಿಲ್ಲ. ಆದರೂ ಅಪಾಯ ಅವನ ಕಣ್ಣಿಗೂ ಬಿದ್ದಿತ್ತು. ಸೈನ್ಯ ಮಾತ್ರ ನಿಲ್ಲಿಸಲಿಲ್ಲ. ಇನ್ನು ಪ್ರಜಾಪ್ರಭುತ್ವದ ಕಾವಲುಗಾರರೆಂದು ಎದೆ ತಟ್ಟಿಕೊಂಡವರ ಕತೆಯೇನು? ಯುದ್ಧಕಾಲದಲ್ಲಿ ಬ್ರಿಟಿಷ್ ಪಡೆಗಳಿಗೆ ಹಂಚಿಕೆಯಾದ ಬೆಂಜೆಡ್ರಿನ್ ಗುಳಿಗೆಗಳ ಲೆಕ್ಕ ಏಳು ಕೋಟಿ ಇಪ್ಪತ್ತು ಲಕ್ಷ. ಅಮೆರಿಕದ ಬಾಂಬರ್ ವಿಮಾನಗಳ ತುರ್ತು ಪೆಟ್ಟಿಗೆಯಲ್ಲಿಯೂ ಅದೇ. ವಿಚಿತ್ರವೆಂದರೆ, ಆ ಸೇನೆಗಳ ವೈದ್ಯರು ನಡೆಸಿದ ಪರೀಕ್ಷೆಗಳಲ್ಲಿ ದಣಿದವನ ಕೆಲಸದ ಮಟ್ಟಿಗೆ ಈ ಗುಳಿಗೆ ಕಾಫಿಯ ಸತ್ವಕ್ಕಿಂತ ಹೆಚ್ಚೇನೂ ಮಾಡಿ ತೋರಿಸಲಿಲ್ಲ. ಹೆಚ್ಚು ಮಾಡಿದ್ದು ಧೈರ್ಯವನ್ನು, ಹುರುಪನ್ನು, ನಾನು ಗೆದ್ದೇ ಗೆಲ್ಲುತ್ತೇನೆಂಬ ಭ್ರಮೆಯನ್ನು. ಸೇನಾಪತಿಗಳಿಗೆ ಬೇಕಾಗಿದ್ದುದೂ ಅದೇ. ಸಾವಿನೆದುರು ಹಿಂಜರಿಯುವುದು ಮನುಷ್ಯನ ವಿವೇಕ; ಆ ವಿವೇಕಕ್ಕೆ ಹಾಕಿದ ಬೀಗ ಈ ಗುಳಿಗೆ. ಇತ್ತೀಚೆಗೆ ಕೆಲವರು ಹಿಟ್ಲರನ ಮಿಂಚಿನ ಯುದ್ಧವನ್ನು ಗುಳಿಗೆಯೇ ಗೆದ್ದಿತೆಂಬಂತೆ ಬರೆಯುತ್ತಾರೆ. ಅದೂ ಒಂದು ಬಗೆಯ ಕಂಪೆನಿಯ ಜಾಹೀರಾತೇ. ಮೂರು ರಾತ್ರಿ ನಿದ್ದೆಯಿಲ್ಲದೆ ನಡೆದದ್ದು ಸಿಪಾಯಿಯ ಕಾಲು.

ಈಗ ಜಪಾನಿಗೆ ಬನ್ನಿ. ಕಾರ್ಮಿಕರಾದ ನಾವು ಮುಖ್ಯವಾಗಿ ತಿಳಿಯಬೇಕಾದ್ದು ಅಲ್ಲಿದೆ.

1941ರಲ್ಲಿ ಅಲ್ಲಿನ ದಾಯ್‌ನಿಪ್ಪಾನ್ ಔಷಧ ಕಂಪೆನಿ ಇದೇ ಮೆಥಾಂಫೆಟಮೀನನ್ನು ಫಿಲೋಪಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಜಪಾನೀಯರ ಬಾಯಲ್ಲಿ ಅದು ಹಿರೋಪಾನ್. ಆ ಹೆಸರು ಗ್ರೀಕ್ ಭಾಷೆಯಿಂದ ಹೆಕ್ಕಿದ್ದು. ಅರ್ಥವೇನು ಗೊತ್ತೇ? ಶ್ರಮಪ್ರೀತಿ! ದುಡಿಮೆಯ ಮೇಲಿನ ಪ್ರೇಮವನ್ನು ಗುಳಿಗೆ ಮಾಡಿ ಶೀಸೆಯಲ್ಲಿ ತುಂಬಿ ಮಾರಿದರು. (ಗ್ರೀಕರ ಆ ಪದಕ್ಕೆ ಶ್ರಮ ಎಂಬ ಅರ್ಥದಂತೆಯೇ ನೋವು ಎಂಬ ಅರ್ಥವೂ ಇದೆ. ಕಂಪೆನಿಯವರು ಒಂದನ್ನು ಮಾತ್ರ ಆರಿಸಿಕೊಂಡರು.) ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ಪಾಳಿ ಮಾಡುವ ಕಾರ್ಮಿಕರಿಗೆ ಅದನ್ನು ಕೊಟ್ಟರು. ರಾತ್ರಿ ಹಾರುವ ವೈಮಾನಿಕರಿಗೆ ಕೊಟ್ಟರು. ವಿಮಾನಸಮೇತ ಶತ್ರುವಿನ ಹಡಗಿಗೆ ಡಿಕ್ಕಿ ಹೊಡೆದು ಸಾಯಲು ಹೊರಟ ಹುಡುಗರಿಗೆ ಹಸಿರು ಚಹದ ಪುಡಿಯಲ್ಲಿ ಬೆರೆಸಿ ಕೊಟ್ಟರು. ಅದು ಆಗ ಅಪರಾಧವೂ ಆಗಿರಲಿಲ್ಲ, ಚಟವೂ ಆಗಿರಲಿಲ್ಲ, ದೇಶಭಕ್ತಿಯಾಗಿತ್ತು.

1945ರ ಆಗಸ್ಟಿನಲ್ಲಿ ಜಪಾನು ಶರಣಾಯಿತು. ಸೈನ್ಯದ ಉಗ್ರಾಣಗಳಲ್ಲಿ ರಾಶಿಬಿದ್ದಿದ್ದ ದಾಸ್ತಾನು ಪೇಟೆಗೆ ಹರಿಯಿತು. ಸುಟ್ಟ ಊರುಗಳು, ಅಕ್ಕಿಯಿಲ್ಲ, ಕೆಲಸವಿಲ್ಲ, ಸೂರಿಲ್ಲ. ಹಸಿವನ್ನೂ ನಿದ್ದೆಯನ್ನೂ ಮರೆಸುವ ಈ ಮದ್ದು ಮಾತ್ರ ಔಷಧದ ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತಿತ್ತು. ಕೂಲಿಗಳು, ವಿದ್ಯಾರ್ಥಿಗಳು, ರಾತ್ರಿ ಬರೆಯುವ ಲೇಖಕರು, ತಂದೆತಾಯಿ ಸತ್ತು ಬೀದಿಗೆ ಬಿದ್ದ ಮಕ್ಕಳು ನುಂಗಿದರು, ಚುಚ್ಚಿಕೊಂಡರು. ಕಂಪೆನಿಗಳು ಮಾರಿಯೇ ಮಾರಿದುವು. ಕೊನೆಗೆ 1951ರಲ್ಲಿ ಸರಕಾರ ಉತ್ತೇಜಕ ಮದ್ದುಗಳ ನಿಯಂತ್ರಣ ಕಾನೂನು ತಂದಿತು. ಒಳ್ಳೆಯದೇ, ತರಲೇಬೇಕಾಗಿತ್ತು. ಆದರೆ ಆ ಕಾನೂನಿನ ಕೈ ಯಾರ ಕುತ್ತಿಗೆಗೆ ಬಿತ್ತು? 1954ರ ಒಂದೇ ವರ್ಷದಲ್ಲಿ 55,000ಕ್ಕೂ ಹೆಚ್ಚು ಜನರ ಬಂಧನವಾಯಿತು. ಆ ಹೊತ್ತಿಗೆ ನುಂಗುವವರ ಸಂಖ್ಯೆ ಐದು ಲಕ್ಷ ದಾಟಿತ್ತೆಂದು ಅಂದಾಜು. ಪತ್ರಿಕೆಗಳು ಒಂದು ಹೊಸ ಆರೋಪಿಯನ್ನೂ ಕಂಡುಹಿಡಿದುವು: ಕೊಳಚೆಕೇರಿಗಳಲ್ಲಿ ಗುಟ್ಟಾಗಿ ಮದ್ದು ಬೇಯಿಸುವ ಕೊರಿಯನ್ನರು! ಅಂಥವರು ಕೆಲವರು ಇದ್ದರು, ನಿಜ. ಜಪಾನು ತನ್ನ ಗಣಿ ಕಾರ್ಖಾನೆಗಳಿಗೆಂದು ಎಳೆತಂದು, ಯುದ್ಧ ಮುಗಿದ ಮೇಲೆ ಪೌರತ್ವವನ್ನೂ ಕಿತ್ತುಕೊಂಡು ಬೀದಿಗೆ ಬಿಟ್ಟ ಜನ ಅವರಲ್ಲಿದ್ದರು. ಕಾರ್ಖಾನೆಯಲ್ಲಿ ಕೋಟಿಗಟ್ಟಲೆ ತಯಾರಿಸಿ ಹಂಚಿದವರು ಗಣ್ಯರು, ಗುಡಿಸಲಿನಲ್ಲಿ ಬೋಗುಣಿಯಲ್ಲಿ ಬೇಯಿಸಿದವನು ರಾಷ್ಟ್ರಕಂಟಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನಮ್ಮಲ್ಲಿ ಮಾತ್ರ ಇರಬೇಕಾಗಿಲ್ಲ.

ಇಂಗ್ಲೆಂಡಿನವರು ಇದಕ್ಕಿಂತ ನಾಜೂಕು. 1956ರಲ್ಲಿ ಈಜಿಪ್ಟು ತನ್ನ ನೆಲದಲ್ಲಿರುವ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದಾಗ ಅದರ ಮೇಲೆ ದಂಡೆತ್ತಿದ ಪ್ರಧಾನಿ ಆಂಟನಿ ಈಡನ್ ಯಾವ ಮದ್ದಿನ ಬಲದಲ್ಲಿದ್ದರು? ಡ್ರಿನಾಮಿಲ್ ಎಂಬ ಗುಳಿಗೆ. ಆಂಫೆಟಮೀನಿಗೆ ಮಂಪರಿನ ಮದ್ದೊಂದನ್ನು ಬೆರೆಸಿದ್ದು. ಪಿತ್ತನಾಳದ ಶಸ್ತ್ರಚಿಕಿತ್ಸೆ ಕೆಟ್ಟು ನರಳುತ್ತಿದ್ದ ಮನುಷ್ಯನಿಗೆ ವೈದ್ಯರೇ ಕೊಟ್ಟದ್ದು. ಅವರ ಕಾಯಿಲೆಯನ್ನು ಹಾಸ್ಯ ಮಾಡುವ ಕ್ಷುದ್ರತನ ನಮಗೆ ಬೇಡ. ಆದರೆ ಅದೇ ಡ್ರಿನಾಮಿಲನ್ನು ಎಂಟು ವರ್ಷಗಳ ಮೇಲೆ ವಾರವೆಲ್ಲ ದುಡಿದ ಲಂಡನ್ನಿನ ಎಳೆಯ ಕೆಲಸಗಾರರು ಶನಿವಾರದ ಕುಣಿತಕ್ಕೆಂದು ನುಂಗಿದಾಗ ದೇಶದ ನೀತಿಯೇ ಕುಸಿಯಿತೆಂದು ಪತ್ರಿಕೆಗಳು ಬೊಬ್ಬೆಯಿಟ್ಟುವು. 1964ರಲ್ಲಿ ಕಾನೂನು ಬಂತು. ಚೀಟಿಯಿಲ್ಲದೆ ಜೇಬಿನಲ್ಲಿಟ್ಟುಕೊಂಡವನು ಅಪರಾಧಿ. ಒಬ್ಬ ಹುಡುಗ ರಾತ್ರಿಯಿಡೀ ಕುಣಿದರೆ ಕೆಡುವುದು ಅವನ ಮೈ. ನಿದ್ದೆಗೆಟ್ಟ ಪ್ರಧಾನಿ ಯುದ್ಧ ಹೂಡಿದರೆ?

ಅಮೆರಿಕದಲ್ಲಂತೂ ಅದು ನೀರಿನಂತೆ ಹರಿಯಿತು. 1962ರ ಹೊತ್ತಿಗೆ ಅಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದುದು ಸುಮಾರು 80,000 ಕಿಲೋ ಆಂಫೆಟಮೀನ್. ಹತ್ತು ಮಿಲಿಗ್ರಾಮಿನ ಗುಳಿಗೆಯ ಲೆಕ್ಕದಲ್ಲಿ 800 ಕೋಟಿ. ಹೆಂಗಸರಿಗೆ ತೆಳ್ಳಗಾಗಲು, ಲಾರಿ ಚಾಲಕರಿಗೆ ಹಗಲು ರಾತ್ರಿ ಓಡಿಸಲು. ವಿಯೆಟ್ನಾಮಿನ ರೈತರ ಮೇಲೆ ಹೂಡಿದ ಯುದ್ಧದಲ್ಲಿ 1966ರಿಂದ 1969ರವರೆಗೆ ಅಮೆರಿಕದ ಸೇನೆಗಳು ಬಳಸಿದ ಉತ್ತೇಜಕ ಗುಳಿಗೆಗಳು 22 ಕೋಟಿ 50 ಲಕ್ಷವೆಂದು ಅದರ ಸಂಸತ್ತಿನ ಸಮಿತಿಯೇ 1971ರಲ್ಲಿ ವರದಿ ಮಾಡಿತು. ಅದೇ ವರ್ಷ ಆ ದೇಶದ ಅಧ್ಯಕ್ಷ ನಿಕ್ಸನ್ ಮಾದಕ ವ್ಯಸನವನ್ನು ದೇಶದ ಮೊದಲನೆಯ ಶತ್ರುವೆಂದು ಸಾರಿದರು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದೆಂದರೆ ಇದೇ.

ಇದೆಲ್ಲ ಹಳೆಯ ಕತೆ, ಈಗ ಹಾಗಿಲ್ಲ ಎನ್ನುವವರಿಗೆ ಅಫಘಾನಿಸ್ತಾನದ ಒಂದು ರಾತ್ರಿಯನ್ನು ನೆನಪಿಸುತ್ತೇವೆ. 2002ರ ಏಪ್ರಿಲ್ 17. ಕಂದಹಾರದ ಬಳಿ ಕೆನಡಾದ ಸೈನಿಕರು ಅಭ್ಯಾಸ ನಡೆಸುತ್ತಿದ್ದರು. ಮೇಲೆ ಹಾರುತ್ತಿದ್ದ ಅಮೆರಿಕದ ವಿಮಾನದಿಂದ ಬಾಂಬು ಬಿತ್ತು. ತಮ್ಮ ಕಡೆಯವರೇ ನಾಲ್ವರು ಸತ್ತರು. ವೈಮಾನಿಕರು ವಾಯುಸೇನೆಯೇ ಕೊಟ್ಟ ಡೆಕ್ಸೆಡ್ರಿನ್, ಅಂದರೆ ಆಂಫೆಟಮೀನ್, ನುಂಗಿದ್ದರು. ಅದೇ ಕಾರಣವೆಂದು ಅವರ ವಕೀಲರು ವಾದಿಸಿದರು, ವಾಯುಸೇನೆ ಅಲ್ಲಗಳೆಯಿತು. ಗುಳಿಗೆಯ ಪಾಲು ಎಷ್ಟೆಂದು ನಾವು ತೀರ್ಪು ಕೊಡಲು ಹೋಗುವುದಿಲ್ಲ. ಕೊನೆಗೆ ಛೀಮಾರಿಯೂ ಸಂಬಳದ ಕಡಿತವೂ ಬಾಂಬು ಹಾಕಿದ ವೈಮಾನಿಕನಿಗೆ. ಗುಳಿಗೆ ಹಂಚುವ ಪದ್ಧತಿ ಕಟಕಟೆ ಹತ್ತಲಿಲ್ಲ.

ಥಾಯ್ಲೆಂಡಿನಲ್ಲಿ ಈ ಗುಳಿಗೆಯನ್ನು ಹಿಂದೆ 'ಯಾ ಖಯನ್' ಎನ್ನುತ್ತಿದ್ದರು. ಅದರರ್ಥ ಉದ್ಯೋಗಶೀಲತೆಯ ಮದ್ದು. ಜಪಾನಿನ ಶ್ರಮಪ್ರೀತಿಯ ಖಾಸಾ ತಂಗಿ! ಲಾರಿ ಬಸ್ಸು ಓಡಿಸುವವರು, ಹೊಲದಲ್ಲಿ, ಮೀನು ಹಿಡಿಯುವ ದೋಣಿಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವವರು ನುಂಗುತ್ತಿದ್ದರು. ಮುಂದೆ ಅದು 'ಯಾ ಮಾ', ಕುದುರೆ ಮದ್ದು ಆಯಿತು. ಕುದುರೆಯ ಹಾಗೆ ದುಡಿಸುವ ಮದ್ದಿಗೆ ಬೇರೇನು ಹೆಸರಿಟ್ಟಾರು? 1996ರಲ್ಲಿ ಸರಕಾರ ಅದಕ್ಕೆ 'ಯಾ ಬಾ', ಹುಚ್ಚು ಮದ್ದು ಎಂದು ಮರುನಾಮಕರಣ ಮಾಡಿತು. ಹೆಸರು ಬದಲಾಯಿತು, ಲಾರಿ ಓಡಬೇಕಾದ ಗಂಟೆಗಳು ಬದಲಾಗಲಿಲ್ಲ. 2003ರ ಫೆಬ್ರವರಿಯಲ್ಲಿ ಪ್ರಧಾನಿ ಥಕ್ಸಿನ್ ಮಾದಕ ವಸ್ತುಗಳ ಮೇಲೆ ಸಮರ ಸಾರಿದರು. ಮೂರು ತಿಂಗಳಲ್ಲಿ 2,000ಕ್ಕೂ ಹೆಚ್ಚು ಜನರ ಹೆಣ ಬಿತ್ತು. ಮೊನ್ನೆ ಮೊನ್ನೆ, 2024ರ ಡಿಸೆಂಬರಿನಲ್ಲಿ, ಸಿರಿಯದ ಅಸಾದ್ ಸರಕಾರ ಉರುಳಿದಾಗ ಅದರ ಆಪ್ತರ ಆಸರೆಯಲ್ಲಿ ನಡೆಯುತ್ತಿದ್ದ ಕ್ಯಾಪ್ಟಗನ್ ಗುಳಿಗೆಯ ಕಾರ್ಖಾನೆಗಳು ಬಯಲಿಗೆ ಬಂದುವು. ಅದರಲ್ಲಿಯೂ ಇದೇ ಆಂಫೆಟಮೀನ್.

ವೈದ್ಯಶಾಸ್ತ್ರಕ್ಕೆ ನಾವು ಶತ್ರುಗಳಲ್ಲ. ಹಗಲಲ್ಲೇ ತಡೆಯಲಾರದ ನಿದ್ದೆ ಬೀಳುವ ರೋಗವೊಂದಿದೆ; ಒಂದೆಡೆ ಚಿತ್ತ ನಿಲ್ಲದ ಮಕ್ಕಳಿದ್ದಾರೆ. ಅಂಥವರಿಗೆ ಈ ಜಾತಿಯ ಮದ್ದುಗಳನ್ನು ಅಳತೆಯಿಂದ ಕೊಟ್ಟು ಉಪಕಾರವಾದದ್ದುಂಟು. ಅದು ರೋಗಿಗಾಗಿ ಕೊಡುವ ಮದ್ದು. ನಾವು ಹೇಳುತ್ತಿರುವುದು ಆರೋಗ್ಯವಂತನನ್ನು ಯಂತ್ರಕ್ಕೆ ಹೊಂದಿಸಲು ಕೊಟ್ಟ ಮದ್ದಿನ ವಿಚಾರ. ನಮ್ಮ ದೇಶದಲ್ಲಿ 1985ರ ಮಾದಕ ವಸ್ತುಗಳ ಕಾನೂನು ಆಂಫೆಟಮೀನನ್ನು ಬಿಗಿ ಹಿಡಿತದಲ್ಲಿಟ್ಟಿದೆ. ಅದನ್ನು ಸಡಿಲಿಸಿರೆಂದು ಕೇಳುವವರೂ ನಾವಲ್ಲ.

ಆದರೆ ಗುಳಿಗೆಯನ್ನು ನಿಷೇಧಿಸುವ ಕೈಯೇ ಗಂಟೆಗಳನ್ನು ಹೆಚ್ಚಿಸುತ್ತಿದ್ದರೆ ಸುಮ್ಮನಿರುವುದು ಹೇಗೆ? 1948ರ ಕಾರ್ಖಾನೆ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆದಿತ್ತು. 2023ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕದ ಶಾಸನಸಭೆ ಅದಕ್ಕೆ ತಿದ್ದುಪಡಿ ಮಾಡಿ ದಿನದ ಕೆಲಸವನ್ನು 12 ಗಂಟೆಯವರೆಗೆ ಎಳೆಯಲು ಅವಕಾಶ ಕೊಟ್ಟಿತು. ಮೂರು ತಿಂಗಳಲ್ಲಿ 75 ಗಂಟೆಗೆ ಮೀರಬಾರದೆಂದಿದ್ದ ಓವರ್‌ಟೈಮು 145 ಗಂಟೆಗೆ ಏರಿತು. ವಾರದ 48 ಗಂಟೆ ಹಾಗೆಯೇ ಇದೆಯಲ್ಲ, ಕಾರ್ಮಿಕನ ಒಪ್ಪಿಗೆ ಬೇಕಲ್ಲ ಎಂದು ಸಮಾಧಾನ ಹೇಳಿದರು. ಯಾವ ಧಣಿಯೂ ಇಲ್ಲಿ ಗುಳಿಗೆ ಹಂಚುತ್ತಾನೆಂದು ನಾವು ಹೇಳುತ್ತಿಲ್ಲ. ಆದರೆ ರಾತ್ರಿ ಪಾಳಿ ಮಾಡಿದವರು ಬಲ್ಲರು: ಬೆಳಗಿನ ಜಾವ ಮೂರರ ಮೇಲೆ ಕಣ್ಣೆವೆಗೆ ಕಲ್ಲು ಕಟ್ಟಿದಂತಾದಾಗ ಕೈ ಮೊದಲು ಚಹಾಕ್ಕೆ ಹೋಗುತ್ತದೆ, ಆಮೇಲೆ ಬೀಡಿಗೆ, ಆಮೇಲೆ ಬಾಯಲ್ಲಿ ಒತ್ತರಿಸುವ ತಂಬಾಕಿಗೆ. ಅದರಾಚೆ ಏನೆಂಬುದನ್ನು ಹಿರೋಪಾನ್ ನುಂಗಿದ ಕಾರ್ಖಾನೆಗಳು ಹೇಳಿವೆ.

145 ಗಂಟೆಯೆಂದರೆ, ಎಂಟೆಂಟು ಗಂಟೆಯ ಲೆಕ್ಕದಲ್ಲಿ, ಹದಿನೆಂಟು ರಾತ್ರಿಗಳ ಇಡೀ ನಿದ್ದೆ. ಹೆಚ್ಚುವರಿ ದುಡಿಮೆಗೆ ಒಪ್ಪಿಗೆಯ ಕಾಗದ ಮುಂದೆ ಬಂದಾಗ ಅದರಲ್ಲಿ ಈ ಹದಿನೆಂಟು ಎಂಬ ಅಂಕಿ ಅಚ್ಚಾಗಿರುವುದಿಲ್ಲ. ರುಜು ಹಾಕುವ ಮುನ್ನ ನಾವೇ ಅದನ್ನು ಕಾಗದದ ಅಂಚಿನಲ್ಲಿ ಬರೆದುಕೊಳ್ಳಬೇಕು.